ಕುಂಕುಮ ಕಾಣದ ಗಿಟಾರು

ನಿನ್ನೆ ಆಯುಧಪೂಜೆಗೆಂದು ಅಟ್ಟದಿಂದ ಸ್ಪ್ಯಾನರುಗಳ ಡಬ್ಬ ಇಳಿಸಿದೆ. ತಳದಲ್ಲಿ ಬಸಣ್ಣನ ಕ್ಯಾಸೆಟ್ಟು ಸಿಕ್ಕಿತು. ಗ್ರೀಸಿನ ವಾಸನೆ ಅದನ್ನಿನ್ನೂ ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ಪೀಣ್ಯ. ಹಾವೇರಿ ಕಡೆಯ ಬಸಣ್ಣ ನಮ್ಮ ಶೆಡ್ಡಿನಲ್ಲಿ ಪ್ರೆಸ್ ಮಷೀನು ಓಡಿಸುತ್ತಿದ್ದ. ಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತಿನ ಮೇಲೆ ನಾನು. ಬಸಣ್ಣ ಏಕತಾರಿ ಹಿಡಿದು, ತಾನೇ ಕಟ್ಟಿದ ಜಾನಪದ ಧಾಟಿಯ ಹಾಡು ಎತ್ತಿದರೆ ಕ್ಯಾಂಟೀನಿನಲ್ಲಿ ಎಲ್ಲರ ಟೀ ಆರಿಹೋಗುತ್ತಿತ್ತು. ಅವನ ಎರಡು ಕ್ಯಾಸೆಟ್ಟು ಬಂದವು. ಎರಡರ ಹೊದಿಕೆಯ ಮೇಲೂ ‘ಹಾರ್ಮೋನಿಯಂ’ ಎಂಬುದರ ಮುಂದೆ ನನ್ನ ಹೆಸರಿತ್ತು. ನಗಬೇಡಿ, ಹೆಣ್ಣು ನೋಡಲು ಹೋದಾಗಲೂ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮೂರನೆಯದರಲ್ಲಿ ಏಕತಾರಿ ಹೋಗಿ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು ಬಂದವು. ಹಾಡಿನ ತುಂಬ ಸೈರನ್ನು, ಓವರ್‌ಟೈಮು, ಮಷೀನಿಗೆ ಸಿಕ್ಕ ಬೆರಳು. ಒಂದೇ ಹಾಡು ಕೇಳಿ, “ಜಾನಪದದ ಕುತ್ತಿಗೆ ಹಿಚುಕಿಬಿಟ್ಟ” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ. ನಿಜ ಹೇಳಲೇ? ಹಾರ್ಮೋನಿಯಂ ಇರಲಿಲ್ಲ, ಹೊದಿಕೆಯ ಮೇಲೆ ನನ್ನ ಹೆಸರೂ ಇರಲಿಲ್ಲ. ಅಷ್ಟೇ ನನ್ನ ಜಾನಪದ ಪ್ರೇಮ.

ಆ ವರ್ಷ ಆಯುಧಪೂಜೆಯ ದಿನ ಎಲ್ಲರೂ ತಂತಮ್ಮ ಹತಾರಗಳನ್ನು ಸಾಲಾಗಿ ಇಟ್ಟರು. ಏಕತಾರಿ ಇಡುತ್ತಿದ್ದ ಜಾಗದಲ್ಲಿ ಬಸಣ್ಣ ಗಿಟಾರು ಇಟ್ಟ. ಕುಂಕುಮ ಹಚ್ಚುವವನು ನಾನು. ಸುತ್ತಿಗೆಗೆ ಹಚ್ಚಿದೆ, ಅರಕ್ಕೆ ಹಚ್ಚಿದೆ, ಪೊರಕೆಗೂ ಹಚ್ಚಿದೆ. ಗಿಟಾರನ್ನು ದಾಟಿ ಮುಂದೆ ಹೋದೆ.

“ಯಾಕಲೇ, ಕಾಣಲಿಲ್ಲೇನು?” ಎಂದ ಬಸಣ್ಣ.

“ಅದು ನಮ್ಮ ಆಯುಧ ಅಲ್ಲ ಕಣೋ. ಏಕತಾರಿ ತಗೊಂಡ್ಬಾ, ಹಚ್ತೀನಿ.”

“ಹಳೇ ಹಾಡೇ ಹಾಡು ಗುರೂ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಬಸಣ್ಣ ಗಿಟಾರು ಎತ್ತಿಕೊಂಡ. “ನೇಗಿಲಾ ಬಿಟ್ಟು ಹನ್ನೆರಡ ವರ್ಷಾತು. ದಿನಾ ನನ್ನ ಕಿವ್ಯಾಗ ಇರೂದು ಈ ಪ್ರೆಸ್ಸಿನ ಸಪ್ಪಳ. ಇನ್ನೂ ಬಿತ್ತೂ ಹಾಡ ಹಾಡಿದ್ರ ಸುಳ್ಳ ಹೇಳಿದಂಗ ಆಗ್ತೈತಿ. ನಿಮ್ಮ ಕುಂಕುಮ ನಿಮ್ಮ ಹತ್ರಾನ ಇರ್ಲಿ.”

ವೈರು ಸಿಕ್ಕಿಸಿ ಹೊಸದನ್ನೇ ಹಾಡಿದ. ಅರ್ಧ ಜನ ಎದ್ದು ಹೋದರು. ಅವನು ಒಂದು ಚರಣವನ್ನೂ ಬಿಡಲಿಲ್ಲ. ತಟ್ಟೆ ನನ್ನ ಕೈಯಲ್ಲೇ ಇತ್ತು, ಹಚ್ಚಬಹುದಿತ್ತು, ಹಚ್ಚಲಿಲ್ಲ. ಆಮೇಲೆ ಅವನು ಜಿಗಣಿಯ ಕಾರ್ಖಾನೆಗೆ ಹೋದ. ಹೋಗುವ ದಿನ ಈ ಮೂರನೆಯ ಕ್ಯಾಸೆಟ್ಟನ್ನು ನನ್ನ ಡಬ್ಬದಲ್ಲಿ ಇಟ್ಟಿದ್ದ. ನಾನು ಹಟಕ್ಕೆ ಬಿದ್ದು ಕ್ಯಾಸೆಟ್ಟಿನ ಮುಚ್ಚಳವನ್ನೇ ತೆಗೆಯಲಿಲ್ಲ.

ನಿನ್ನೆ ತೆಗೆದೆ. ಹೊದಿಕೆಯ ಒಳಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ‘ಲೇತಿನ ಸದ್ದು’. ಮುಂದೆ ನನ್ನ ಹೆಸರು. ಯಾವಾಗಲೋ ನನ್ನ ಹಿಂದೆ ನಿಂತು ಆ ಸದ್ದನ್ನು ಹಾಡಿಗೆಂದು ರೆಕಾರ್ಡ್ ಮಾಡಿಕೊಂಡಿದ್ದಾನೆ ಪುಣ್ಯಾತ್ಮ.

ಪೂಜೆಯ ಸಾಲಿನಲ್ಲಿ ಸ್ಪ್ಯಾನರುಗಳಿಗಿಂತ ಮುಂದೆ ಅದನ್ನು ಇಟ್ಟೆ. “ಅಲ್ಲಾ ರೀ, ಕ್ಯಾಸೆಟ್ಟಿಗೂ ಕುಂಕುಮಾನಾ?” ಎಂದು ಹೆಂಡತಿ ನಕ್ಕಳು.

“ಯಾರು ಏನಾದ್ರೂ ಅನ್ಲಿ, ಆಯುಧ ಕಣೇ ಅದು” ಎಂದು ದಪ್ಪಗೆ ಹಚ್ಚಿದೆ.