ಎಲೆ ಎತ್ತದ ಸಭೆ

ನಮ್ಮದು ಕೊಯಮತ್ತೂರು ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ. ಆಗಿತ್ತು ಅನ್ನಬೇಕು, ಈಗಿಲ್ಲ. ಅದರೊಳಗೆ ನಮ್ಮ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಊರಿಗೆ ಪಂಚಾಯ್ತಿ, ಬೀದಿಗೆ ಎಜಮಾನರು, ಹೀಗೆ ಎರಡು ಸರ್ಕಾರಗಳ ಕೆಳಗೆ ನಾನು ಬೆಳೆದೆ. ಎರಡೂ ಕಡೆಯ ರೀತಿನೀತಿ ಬಲ್ಲವನೆಂದು ಬೀದಿಯವರೇ ಸೇರಿ ನನ್ನನ್ನು ವಾರ್ಡ್ ಮೆಂಬರ್ ಮಾಡಿದ್ದರು.

ಬೀದಿಯ ಸರ್ಕಾರಕ್ಕೆ ಇದ್ದದ್ದು ಒಂದೇ ಕಾನೂನು. ಎಜಮಾನರು ವಿಷಯ ಹೇಳಿ ಮುಗಿಸಿದ ಮೇಲೆ ವೀಳ್ಯದ ತಟ್ಟೆ ನಡುವೆ ಬರುತ್ತದೆ. ಒಪ್ಪಿದವರು ಒಂದೊಂದು ಎಲೆ ಎತ್ತಿಕೊಳ್ಳುತ್ತಾರೆ. ಒಪ್ಪದವರು ಸುಮ್ಮನೆ ಕೂರುತ್ತಾರೆ. ಹಿರಿಯರ ಮುಂದೆ ಬಾಯಿಬಿಟ್ಟು ಬೇಡ ಅನ್ನುವುದು ಅಮರ್ಯಾದೆ. ಎಲೆ ತಟ್ಟೆಯಲ್ಲೇ ಉಳಿದರೆ ಆ ಮಾತು ಅಲ್ಲಿಗೆ ಬಿದ್ದುಹೋಯಿತು.

ನಗರ ಬೆಳೆದು ಬೆಳೆದು ತುಡಿಯಲೂರು ದಾಟಿ ನಮ್ಮ ಕಡೆಗೂ ಬಂತು. ನಮ್ಮ ಪಂಚಾಯ್ತಿಯನ್ನು ಕಾರ್ಪೊರೇಷನ್‌ಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ ದಿನವೇ ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುವ ಸೋದರತ್ತೆ ಮನೆಗೆ ಬಂದಳು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಕಣ್ಣು ಮಂಜಾಗಿ ಮಗ್ಗದ ಎಳೆ ಕಾಣದಾದ ಮೇಲೆ ಪಂಚಾಯ್ತಿಯ ನೂರು ದಿನದ ಕೆಲಸವೇ ಅವಳಿಗೆ ಅನ್ನ ಹಾಕುತ್ತಿತ್ತು. ಕೆರೆ ಏರಿಯ ಮುಳ್ಳು ಕಡಿಯುತ್ತಿದ್ದಳು, ಕಾಲುವೆಯ ಹೂಳು ಹೊರುತ್ತಿದ್ದಳು. ಆ ಕೆಲಸ ಹಳ್ಳಿಗಳಿಗೆ ಮಾತ್ರ. ಕಾರ್ಪೊರೇಷನ್ ಆದ ದಿನ ಅದು ನಿಲ್ಲುತ್ತದೆ. ಸಭೆಯಲ್ಲಿ ಇದನ್ನು ಬೇಡವೆನ್ನಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು. ನಾನೂ ದೊಡ್ಡ ಮನುಷ್ಯನಂತೆ ಕೊಟ್ಟೆ.

ಗ್ರಾಮಸಭೆಗೆ ಇಡೀ ಬೀದಿ ಬಂತು. ಬಾಗಿಲಲ್ಲೇ ಸಭೆಯ ಪುಸ್ತಕದಲ್ಲಿ ಎಲ್ಲರ ಸಹಿ ಹಾಕಿಸಿಕೊಂಡರು. ಎಜಮಾನರು ಮುಂದಿನ ಸಾಲಿನಲ್ಲಿ, ಅತ್ತೆ ಹಿಂದೆ ಹೆಂಗಸರ ಜೊತೆ. ಮೇಲಿನಿಂದ ಬಂದ ಅಧಿಕಾರಿ ವಯಸ್ಸಾದವರು, ಮೆತ್ತಗೆ ಮಾತನಾಡುವವರು. ಅವರ ಮರ್ಯಾದೆಗೆಂದು ಯಾರೋ ಮೇಜಿನ ಮೇಲೆ ವೀಳ್ಯದ ತಟ್ಟೆ ಇಟ್ಟಿದ್ದರು. ಅವರು ತೀರ್ಮಾನವನ್ನು ಓದಿ, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ತಮಿಳಿನಲ್ಲಿ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಯಾರೂ ಎಲೆ ಮುಟ್ಟಲಿಲ್ಲ. ನಮ್ಮವರ ಮುಖದಲ್ಲಿ ಗೆದ್ದ ಸಮಾಧಾನವಿತ್ತು.

ಮೌನಂ ಸಮ್ಮತಿ ಲಕ್ಷಣಂ ಅನ್ನುವ ಸರ್ಕಾರ ಅದು. ಮೆಂಬರ್ ಆಗಿ ನಾಲ್ಕಾರು ಸಭೆ ಕಂಡಿದ್ದ ನನಗೊಬ್ಬನಿಗೇ ಅದು ಗೊತ್ತಿತ್ತು. ಏಳಲು ಹೋದೆ. ಎಜಮಾನರು ತಿರುಗಿ ನೋಡಿದರು. ಬೈಯಲಿಲ್ಲ, ನೋಡಿದರು ಅಷ್ಟೆ. ನನಗೆ ನಾಚಿಕೆಯಾಯಿತು. ಇಡೀ ಬೀದಿ ಮರ್ಯಾದೆಯಿಂದ ಕೂತಿರುವಾಗ ನಾನೊಬ್ಬ ಬಾಯಿಬಡುಕನಾಗುವುದೇ ಎನಿಸಿ ಕೂತುಬಿಟ್ಟೆ.

ಅಧಿಕಾರಿ ಒಂದು ಎಲೆ ತೆಗೆದು, ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, ಸಭೆ ಏಕಮನಸ್ಸಿನಿಂದ ಒಪ್ಪಿದೆ ಎಂದು ಪುಸ್ತಕದಲ್ಲಿ ಬರೆದರು.

ಹೊರಗೆ ಬಂದು ಎಜಮಾನರು ನನ್ನ ಬೆನ್ನು ತಟ್ಟಿದರು.

"ಒಬ್ರೂ ಎಲೆ ಎತ್ಲಿಲ್ಲ. ಮುಡಿಂಜುದು ವಿಷಯ, ಬಿದ್ದೋಯ್ತು ಮಾತು."

ನಾನು ತಲೆಯಾಡಿಸಿದೆ. ಆಗಲಾದರೂ ಒಳಗೆ ಓಡಿಹೋಗಿ ಹೇಳಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬರುತ್ತದಂತೆ. ನನಗೆ ಕೆಡುವ ಮೊದಲೇ ಬಂದಿತ್ತು, ಏನು ಪ್ರಯೋಜನ?

ಕೆಲವು ತಿಂಗಳಲ್ಲಿ ಬೋರ್ಡು ಬದಲಾಯಿತು. ಪಂಚಾಯ್ತಿ ಆಫೀಸಿಗೆ ಬೀಗ ಬಿತ್ತು. ನನ್ನ ಮೆಂಬರ್‌ಗಿರಿಯೂ ಮುಗಿಯಿತು. ಎಜಮಾನರು ಹಿರಿಯರನ್ನು ಕಟ್ಟಿಕೊಂಡು ಕೇಳಲು ಕಾರ್ಪೊರೇಷನ್ ಆಫೀಸಿಗೆ ಹೋದಾಗ ಅಲ್ಲಿಯವರು ಪುಸ್ತಕ ತೆಗೆದು ಅವರದ್ದೇ ಸಹಿ ತೋರಿಸಿದರಂತೆ. ಅಂದಿನಿಂದ ಅವರು ಯಾವ ಸಭೆಯನ್ನೂ ಕರೆದಿಲ್ಲ. ಇದ್ದ ಎರಡು ಸರ್ಕಾರಗಳೂ ಒಟ್ಟಿಗೇ ಹೋದವು. ಈಗ ಚರಂಡಿ ಕಟ್ಟಿಕೊಂಡರೆ ಯಾರ ಬಾಗಿಲಿಗೆ ಹೋಗಬೇಕೆಂದು ನಮಗೆ ತಿಳಿಯದು.

ಅತ್ತೆ ಕೆಲಸದ ಕಾರ್ಡು ಹಿಡಿದು ಬಂದಳು. ಇನ್ನು ಇದು ನಡೆಯುವುದಿಲ್ಲ ಎಂದು ವಾಪಸು ಕಳಿಸಿದ್ದರಂತೆ. ನಾನು ಅವಳನ್ನು ಕೂರಿಸಿ, ಸುಮ್ಮನಿದ್ದದ್ದನ್ನೇ ಅವರು ಹೂಂ ಎಂದು ಬರೆದುಕೊಂಡರು, ಅವರ ಪದ್ಧತಿಯೇ ಹಾಗೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಅದು ನಿಂಗೆ ಅವತ್ತೇ ಗೊತ್ತಿತ್ತಾ?" ಎಂದಳು.

ಗೊತ್ತಿತ್ತು ಎಂದೆ.

"ನಾವು ಗೊತ್ತಿಲ್ದೆ ಸುಮ್ನೆ ಇದ್ದೊ, ಕಣ್ಣು. ನೀ ಗೊತ್ತಿದ್ದೂ ಸುಮ್ನೆ ಇದ್ದೆ."