ಚಿಕ್ಕಮ್ಮನ ಪಾಲಿನ ಗಾಜು

ನಮ್ಮ ಚಿಕ್ಕಮ್ಮ ಮುಯ್ಯಿ ತೀರಿಸಿಕೊಂಡದ್ದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಅವಳೂ ಚಿಕ್ಕಪ್ಪನೂ ಒಂದೇ ವೀಕ್ಷಣಾಲಯದಲ್ಲಿ ನಕ್ಷತ್ರಗಳ ದೂರ ಅಳೆಯುತ್ತಿದ್ದರು. ಓದಿದ್ದೂ ಒಂದೇ, ಹುದ್ದೆಯೂ ಒಂದೇ. ದೊಡ್ಡಸ್ತಿಕೆ ಮಾತ್ರ ಚಿಕ್ಕಪ್ಪನದು.

ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಎಷ್ಟು ಜಿಗಿಯಿತು ಎಂಬುದರಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಬಹುದು. ಆದರೆ ನಕ್ಷತ್ರ ಜಿಗಿಯುವುದಕ್ಕೆ ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಯಾವ ಮೂಲೆಗೂ ಸಾಲದು. ಅದಕ್ಕೇ ಒಮ್ಮೆ ಫೋಟೋ ತೆಗೆದು, ಭೂಮಿ ಸೂರ್ಯನ ಆಚೆ ಬದಿಗೆ ಹೋಗುವವರೆಗೆ ಅರ್ಧ ವರ್ಷ ಕಾದು, ಇನ್ನೊಮ್ಮೆ ತೆಗೆಯಬೇಕು. ಆಗ ಫೋಟೋ ಮೂಡುತ್ತಿದ್ದುದು ಗಾಜಿನ ಹಾಳೆಯ ಮೇಲೆ. ಮೊದಲನೆಯ ಗಾಜು ಚಿಕ್ಕಪ್ಪನ ಪಾಲು, ಎರಡನೆಯದು ಚಿಕ್ಕಮ್ಮನದು. ಎರಡನ್ನೂ ಪಕ್ಕಪಕ್ಕ ಇಟ್ಟರೇ ಲೆಕ್ಕ.

ಹೀಗೆ ಅಳೆದ ಒಂದು ನಕ್ಷತ್ರ ಭಾರಿ ಸುದ್ದಿಯಾಯಿತು. ಅಚ್ಚಾದ ಪ್ರಬಂಧದ ಮೇಲೆ ಹೆಸರು ಚಿಕ್ಕಪ್ಪನದೊಂದೇ. ಕೊನೆಗೆ 'ತಾಳ್ಮೆಯಿಂದ ಮನೆ ನೋಡಿಕೊಂಡ ಮಡದಿಗೆ' ಕೃತಜ್ಞತೆ ಬೇರೆ! ಚಿಕ್ಕಮ್ಮ ಓದಿದಳು, ಮಡಚಿಟ್ಟು ಅಕ್ಕಿ ಆರಿಸಲು ಕೂತಳು. ಆ ಮನುಷ್ಯ ಹೆದರಬೇಕಾಗಿದ್ದದ್ದು ಅಲ್ಲೇ.

ಮುಂದಿನ ನಕ್ಷತ್ರಕ್ಕೂ ಅವಳು ತನ್ನ ಪಾಲಿನ ಫೋಟೋ ತೆಗೆದಳು. ಅದರ ದೂರವನ್ನು ಸಭೆಯಲ್ಲಿ ಹೇಳಿದರೆ ನಿರ್ದೇಶಕರ ಕುರ್ಚಿ ಚಿಕ್ಕಪ್ಪನಿಗೇ ಎಂದು ಮಾತಾಗಿತ್ತು. ಸಭೆಗೆ ಒಂದು ವಾರವಿದೆ ಎನ್ನುವಾಗ, ಮಧ್ಯಾಹ್ನ, ಆತ ಬೆವರುತ್ತ ಅಡುಗೆಮನೆಗೆ ನುಗ್ಗಿದ. ನಾನು ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದೆ.

"ನಿನ್ನ ಗಾಜು ಎಲ್ಲೇ? ಕಪಾಟಲ್ಲಿ ಇಲ್ವಲ್ಲ!"

"ನಿಮ್ಮ ಕಣ್ಣೆದುರಿಗೇ ಇದೆಯಲ್ರೀ," ಎಂದು ಚಿಕ್ಕಮ್ಮ ಕಿಟಕಿಯ ಕಡೆ ಕೈ ಮಾಡಿದಳು. "ಒಡೆದ ಗಾಜು ಬದಲಾಯಿಸಿ ಅಂತ ಬಡ್ಕೊಂಡು ಬಡ್ಕೊಂಡು ಸಾಕಾಗಿತ್ತು. ಬಿಸಿನೀರಲ್ಲಿ ಉಜ್ಜಿದೆ, ಫೋಟೋ ಎಲ್ಲಾ ಎದ್ದುಹೋಯ್ತು. ಎಷ್ಟು ಚೊಕ್ಕವಾಗಿ ಕೂತಿದೆ ನೋಡಿ! ಮನೆ ನೋಡ್ಕೊಳ್ಳೋಳು ತಾನೇ ನಾನು?"

ಚಿಕ್ಕಪ್ಪ ಹೋಗಿ ಗಾಜನ್ನು ಮುಟ್ಟಿದ. ಅದರಾಚೆ ಹಗ್ಗದ ಮೇಲೆ ಅವನದೇ ಅಂಗಿಗಳು ಒಣಗುತ್ತಿದ್ದವು. ಇನ್ನೊಂದು ಫೋಟೋ ಬೇಕೆಂದರೆ ಭೂಮಿ ಮತ್ತೆ ಸುತ್ತಿ ಬರಬೇಕು. ಅಷ್ಟರಲ್ಲಿ ಕುರ್ಚಿ ಬೇರೆಯವರ ಪಾಲು. ಮುಖ ಕಪ್ಪಿಟ್ಟಿತು. ನನಗಂತೂ ಖುಷಿಯೋ ಖುಷಿ.

"ಅದು ನಿನ್ನ ಕೆಲಸಾನೂ ಆಗಿತ್ತು ಕಣೇ," ಎಂದ, ದನಿ ಉಡುಗಿ.

ಚಿಕ್ಕಮ್ಮನ ಕಣ್ಣು ತುಂಬಿ ಬಂತು. ದನಿ ಮಾತ್ರ ಅಲುಗಲಿಲ್ಲ.

"ನಿಮ್ಮ ಬಾಯಿಂದ ಈ ಮಾತು ಬರೋದಕ್ಕೆ ಅದನ್ನ ತೊಳೆದೇ ಹಾಕಬೇಕಾಯ್ತು ನೋಡಿ," ಎಂದಳು.