ಶಾಸ್ತ್ರವಿಲ್ಲದ ಕೇಕು

ನಿನ್ನೆ ಸಂಜೆ ಕೆಳಗಿನ ಮನೆಯ ಹುಡುಗಿ ಪಲ್ಲವಿ ಒಂದು ಕೈಯಲ್ಲಿ ಕುಕ್ಕರು, ಇನ್ನೊಂದು ಕೈಯಲ್ಲಿ ವೆನಿಲ್ಲಾ ಎಸೆನ್ಸಿನ ಪುಟ್ಟ ಶೀಸೆ ಹಿಡಿದು ನಮ್ಮ ಮನೆಗೆ ಬಂದಳು. ಮುಂದಿನ ವಾರ ಅವಳ ಮದುವೆ. "ಅಕ್ಕ, ನಿಮ್ಮ ಮದುವೆ ಕೇಕು ನೀವೇ ಮಾಡ್ಕೊಂಡಿದ್ರಂತಲ್ಲ, ನಂಗೂ ಹೇಳ್ಕೊಡ್ರಿ" ಎನ್ನುತ್ತಾ ಶೀಸೆಯ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕದ್ದವಳಿಗೆ ಪೊಲೀಸರು ಕಂಡಂತಾಯಿತು. ಯಾಕೆಂದು ಹೇಳುತ್ತೇನೆ, ನೀವೂ ಸ್ವಲ್ಪ ಕೂತುಕೊಳ್ಳಿ.

ನಮ್ಮ ಹೊಳಲ್ಕೆರೆ ಕಡೆಯ ಮದುವೆಗಳಿಗೆ ಕೇಕು ಯಾವಾಗ ಬಂತೋ, ಅದನ್ನು ಯಾರು ಕರೆದರೋ ತಿಳಿಯದು. ಫೋಟೋದವನ ಹಿಂದೆಯೇ ಬಂದಿರಬೇಕೆಂದು ನನ್ನ ಗುಮಾನಿ. ಆರತಕ್ಷತೆಯಲ್ಲಿ ಅವನೇ ಪುರೋಹಿತ. ಅವನು ನಿಲ್ಲು ಅಂದರೆ ನಿಲ್ಲಬೇಕು, ನಗು ಅಂದರೆ ನಗಬೇಕು, ಗಂಡನಾಗುವವನ ಭುಜದ ಮೇಲೆ ಕೈಯಿಡು ಅಂದರೆ ಅಜ್ಜಿಯ ಎದುರೇ ಇಡಬೇಕು. ಹನ್ನೊಂದು ವರ್ಷದ ಹಿಂದೆ ನನ್ನ ಮದುವೆಗೆ ಗೊತ್ತು ಮಾಡಿದವನು ಅಪ್ಪನಿಗೆ ಹೇಳಿಯೇಬಿಟ್ಟ: "ಕೇಕ್ ಇಲ್ಲಾಂದ್ರೆ ಆಲ್ಬಮ್‌ನಾಗೆ ಎರಡು ಪುಟ ಖಾಲಿ ಹೊಡೀತವೆ ಸಾರ್." ಎರಡು ಪುಟ ಖಾಲಿಯಿಟ್ಟು ಮಗಳನ್ನು ಗಂಡನ ಮನೆಗೆ ಕಳಿಸಲು ಯಾವ ಅಪ್ಪನಿಗೆ ಮನಸ್ಸು ಬಂದೀತು?

ಬೇಕರಿಯವರು ತೋರಿಸಿದ ಕೇಕಿಗೆ ಮೂರು ಅಂತಸ್ತು. ಕೆಳಗಿನ ಎರಡು ಥರ್ಮಾಕೋಲಿನವು. ಚಾಕು ಇಳಿಸುವುದಕ್ಕೆಂದೇ ಅದರಲ್ಲೊಂದು ಸೀಳು ಬಿಟ್ಟಿದ್ದರು. ಅಜ್ಜಿಗೆ ಥರ್ಮಾಕೋಲಿನ ಬಗ್ಗೆ ತಕರಾರಿರಲಿಲ್ಲ, ಅದು ಸಸ್ಯಾಹಾರಿ. ಅವಳ ಭಯವೆಲ್ಲ ಮೇಲಿನ ಅಂತಸ್ತಿನದು. ಮೊಟ್ಟೆ ಹಾಕುವುದಿಲ್ಲವೆಂದು ಅಲ್ಲೇ ಬೋರ್ಡಿದೆ ಅಂದರೆ, "ಹಾಕಲ್ಲ ಅಂತ ಬರಕಂಡವ್ನೆ ಅಂದ್ರೆ ಹಾಕೋದು ಗೊತ್ತೈತೆ ಅಂತ ತಾನೇ?" ಎಂದಳು. ಆಗ ನಾನು ಎದ್ದು ನಿಂತು, "ನನ್ನ ಕೇಕು ನಾನೇ ಮಾಡ್ಕೊಂತೀನಿ" ಎಂದು ಘೋಷಿಸಿದೆ. ಸುದ್ದಿ ಹಿರಿಯೂರಿನ ಬೀಗರ ಮನೆ ಮುಟ್ಟುವುದಕ್ಕೆ ಅರ್ಧ ದಿನವೂ ಬೇಕಾಗಲಿಲ್ಲ.

ಮೊಬೈಲು ನೋಡಿಕೊಂಡು ನಾಲ್ಕು ಸಲ ಮಾಡಿ ಕಲಿತೆ. ಮೊದಲನೆಯದಕ್ಕೆ ಚಾಕು ಇಳಿಯಲಿಲ್ಲ. ಎರಡನೆಯದರ ನಡುವೆ ಹಸಿ ಹಿಟ್ಟು. ಮೂರನೆಯದನ್ನು ನಮ್ಮ ಎಮ್ಮೆ ಮೂಸಿ ನೋಡಿ, ಮರ್ಯಾದೆಯಿಂದ ಮುಖ ತಿರುಗಿಸಿತು. ನಾಲ್ಕನೆಯದು ಕೇಕಿನಂತೆಯೇ ಆಯಿತು. ಮೈದಾ, ಮೊಸರು, ಸೋಡಾ, ಎಲ್ಲದಕ್ಕೂ ಲೆಕ್ಕವಿಟ್ಟೆ. ಒಂದೇ ಒಂದು ಮರೆತಿದ್ದೆ, ಅರಿಶಿನ ಶಾಸ್ತ್ರ. ಆರತಕ್ಷತೆಯ ದಿನ ಬೆಳಿಗ್ಗೆ ಐದು ಜನ ಮುತ್ತೈದೆಯರು ಮೈತುಂಬ ಅರಿಶಿನ ಬಳಿದು ಮಣೆಯ ಮೇಲೆ ಕೂರಿಸಿದರು. ಕೇಕು ಮಾಡಬೇಕೆಂದು ಏಳಹೋದೆ. "ಅರಿಶಿನ ಹಚ್ಚಿದ ಮ್ಯಾಲೆ ಮದುಮಗಳು ಒಲೆ ಮುಂದೆ ಹೋಗ್ತಾಳಾ? ಕುಂತ್ಕಾ ಸುಮ್ನೆ" ಎಂದು ಅಜ್ಜಿ ಗದರಿದಳು. ತನ್ನ ಮದುವೆಗೆ ತಾನೇ ಕೇಕು ಮಾಡುವ ವೀರವನಿತೆ ಹಳದಿ ಮೆತ್ತಿಕೊಂಡು ಕೂತಲ್ಲೇ ಅಳತೊಡಗಿದಳು. ಬೀಗರಿಗೆ ಏನೆಂದು ಹೇಳುವುದು?

ಅಮ್ಮನಿಗೆ ಪುರುಸೊತ್ತಿಲ್ಲ, ಮುತ್ತೈದೆಯರಿಗೆ ಶಾಸ್ತ್ರ ಮುಗಿದಿಲ್ಲ. ಮನೆಯಲ್ಲಿ ಕೆಲಸವಿಲ್ಲದೆ ಇದ್ದದ್ದು ಒಬ್ಬಳೇ, ಗಿರಿಜತ್ತೆ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ವರ್ಷವಿಡೀ ನಮ್ಮ ಮನೆಯ ಅಡುಗೆ ಅವಳದೇ. ಶುಭಕಾರ್ಯದ ದಿನ ಮಾತ್ರ ತಾನಾಗಿಯೇ ಹಿತ್ತಲ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳದಿದ್ದದ್ದನ್ನೇ ನಾವು ನಮ್ಮ ಒಳ್ಳೆಯತನ ಅಂದುಕೊಂಡಿದ್ದೆವು.

ನನ್ನ ಅಳು ಕೇಳಿ ಅವಳು ಒಳಬಂದು, ಸೆರಗು ಸಿಕ್ಕಿಸಿ, ಮೈದಾ ಡಬ್ಬಿಗೆ ಕೈ ಹಾಕಿದಳು.

"ಲೇ ಗಿರಿಜಾ, ನೀನು ಮುಟ್ಟಬಾರ್ದು" ಎಂದಳು ಅಜ್ಜಿ, ಅವಳನ್ನು ಹೆತ್ತ ತಾಯಿ.

ಗಿರಿಜತ್ತೆ ತಿರುಗಿಯೂ ನೋಡಲಿಲ್ಲ. "ಅವ್ವಾ, ಈ ಕೇಕಿಗೆ ಯಾವ ಶಾಸ್ತ್ರ ಐತೆ ಹೇಳು. ಇದ್ರೆ ಬಿಟ್ಟು ಏಳ್ತೀನಿ."

ಅಜ್ಜಿ ಯೋಚಿಸಿದಳು. ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆ ಅಡಿಕೆಗೆ ಶಾಸ್ತ್ರವಿತ್ತು, ಒನಕೆಗಿತ್ತು, ಕೊಡದ ನೀರಿಗಿತ್ತು. ಕೇಕಿನ ಬಗ್ಗೆ ಹಿರಿಯರು ಏನೂ ಹೇಳಿಹೋಗಿರಲಿಲ್ಲ. ಕೊನೆಗೆ ಅಜ್ಜಿ, "ಅದು ನಮ್ದಲ್ಲ ಬಿಡು, ಫೋಟೋದೋನ್ದು" ಎಂದು ತೀರ್ಪು ಕೊಟ್ಟಳು.

"ಹಂಗಾರೆ ಫೋಟೋದೋನಿಗೇ ಮಾಡ್ಕೊಡ್ತೀನಿ" ಎಂದು ಗಿರಿಜತ್ತೆ ಹಿಟ್ಟು ಜರಡಿ ಹಿಡಿದಳು.

ನಾನು ಮಣೆಯ ಮೇಲಿಂದಲೇ ಮೊಬೈಲು ನೋಡಿ ಗ್ರಾಂ, ಡಿಗ್ರಿ ಅಂತ ಕೂಗುತ್ತಿದ್ದೆ. ಅವಳು ಪಾವಿನಲ್ಲಿ ಅಳೆದಳು. "ಒಲೆ ಮ್ಯಾಲೆ ನಂಬರ್ ಎಲ್ಲವೆ? ಸುಮ್ನಿರು, ಬೆಂದ್ರೆ ವಾಸ್ನೆ ಬರ್ತೈತೆ" ಎಂದಳು. ದೊಡ್ಡ ಕುಕ್ಕರಿನಲ್ಲೊಂದು, ಚಿಕ್ಕ ಕುಕ್ಕರಿನಲ್ಲೊಂದು, ಎರಡು ಅಂತಸ್ತು ಎದ್ದವು. ಬೆಣ್ಣೆ ಸಕ್ಕರೆ ಕಡೆದ ಕ್ರೀಮು ಏಪ್ರಿಲ್ ಬಿಸಿಲಿಗೆ ಕರಗಿ ತಟ್ಟೆಗಿಳಿಯಿತು. ಅವಳು ಅದನ್ನು ಬಳಿದು ತೆಗೆದು, ಹೊಸದುರ್ಗದ ನೆಂಟರು ತಂದಿದ್ದ ಕೊಬ್ಬರಿಯನ್ನು ಸಣ್ಣಗೆ ತುರಿದು ಮೇಲೆಲ್ಲ ಉದುರಿಸಿದಳು. ಅಷ್ಟು ಹೊತ್ತೂ ಏನೋ ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಂಜೆ ಮಂಟಪದಲ್ಲಿ ಫೋಟೋದವನು, "ಸ್ನೋ ಎಫೆಕ್ಟ್ ಸೂಪರ್ ಆಗೈತೆ ಮೇಡಂ" ಎಂದ. ಹಿರಿಯೂರಿನ ಅತ್ತೆಯವರು ಒಂದು ತುಂಡು ತಿಂದು, ಇನ್ನೊಂದಕ್ಕೆ ಕೈ ಚಾಚುತ್ತಾ ಕೇಳಿದರು: "ಯಾರು ಮಾಡಿದ್ದವ್ವಾ ಇದನ್ನ?"

ನಾನು, "ನಾನೇ" ಅಂದೆ.

ಗಿರಿಜತ್ತೆ ಅಂದಿದ್ದರೆ, ಯಾರು ಆ ಅತ್ತೆ, ವೇದಿಕೆಗೆ ಯಾಕೆ ಬಂದಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ವಿಧವೆಯ ಕೈಯ ಸಿಹಿಯೆಂದು ಬೀಗರು ಮುಖ ಸಿಂಡರಿಸಿಯಾರೆಂದು ಹೆದರಿದೆ. ಕಾಲೇಜಿನಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ಭಾಷಣ ಮಾಡಿ ಸ್ಟೀಲಿನ ಡಬ್ಬಿ ಬಹುಮಾನ ಗೆದ್ದವಳು ನಾನು. ಮೈದಾ ತುಂಬಿಟ್ಟದ್ದೂ ಅದೇ ಡಬ್ಬಿಯಲ್ಲಿ. ಆರ್ಕೆಸ್ಟ್ರಾದವನು ಮೈಕಿನಲ್ಲಿ, "ಮದುಮಗಳೇ ಕೈಯಾರೆ ಮಾಡಿದ ಕೇಕು! ಜೋರಾಗಿ ಚಪ್ಪಾಳೆ!" ಎಂದು ಕೂಗಿದ. ಕೈ ತೊಳೆಯುವ ನಲ್ಲಿಯ ಪಕ್ಕ, ಕೊನೆಯ ಸಾಲಿನಲ್ಲಿ ಗಿರಿಜತ್ತೆ ಕೂತಿದ್ದಳು. ಎಲ್ಲರ ಚಪ್ಪಾಳೆ ನಿಂತ ಮೇಲೂ ಅವಳೊಬ್ಬಳು ತಟ್ಟುತ್ತಲೇ ಇದ್ದಳು. ನಾನು ಫೋಟೋದವನತ್ತ ತಿರುಗಿ ನಕ್ಕೆ. ಆ ನಗು ಆಲ್ಬಮ್ಮಿನಲ್ಲಿದೆ, ಎರಡು ಪುಟ ತುಂಬ.

ಆಮೇಲೆ ನನ್ನ ಸುಳ್ಳು ಚೆನ್ನಾಗಿ ಮೇಯ್ದು ಬೆಳೆಯಿತು. ಚಿತ್ರದುರ್ಗಕ್ಕೆ ಬಂದು ಸಂಸಾರ ಹೂಡಿದ ಮೇಲೆ ಇಡೀ ಬೀದಿಗೆ ನಾನು ಕೇಕಿನ ಅಕ್ಕ. ಕೇಳಿದವರಿಗೆ ಡಿಗ್ರಿಯನ್ನೂ ಹೇಳುತ್ತಿದ್ದೆ. ಗಿರಿಜತ್ತೆ ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತಿ ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ನಿನ್ನೆ ಪಲ್ಲವಿ ಕುಕ್ಕರನ್ನು ಅಡುಗೆಕಟ್ಟೆಯ ಮೇಲಿಟ್ಟು, "ಅಕ್ಕ, ಕೇಕಿನ ಹಿಟ್ಟು ಮುತ್ತೈದೆ ಕೈಲೇ ಶುರು ಮಾಡಿಸ್ಬೇಕಂತೆ, ಚಾಕಿಗೆ ಅರಿಶಿನ ಕುಂಕುಮ ಇಡ್ಬೇಕಂತೆ. ಅಮ್ಮ ಹೇಳಿದ್ರು. ನೀವೇ ಬರ್ರಿ" ಎಂದಳು. ಹನ್ನೊಂದೇ ವರ್ಷದಲ್ಲಿ ಕೇಕಿಗೂ ನಾವು ಶಾಸ್ತ್ರ ಹುಟ್ಟಿಸಿಕೊಂಡಿದ್ದೆವು. ಮಿಕ್ಕ ಯಾವ ಕೆಲಸದಲ್ಲಿ ನಮಗೆ ಇಷ್ಟು ಚುರುಕಿದೆ ಹೇಳಿ.

"ಆ ಕೇಕು ನಾನು ಮಾಡಿದ್ದಲ್ಲ ಪಲ್ಲವಿ" ಅಂದೆ. ಎಲ್ಲ ಹೇಳಿದೆ. ಅವಳು ನನ್ನ ಮೊಬೈಲನ್ನು ಎತ್ತಿ ನನ್ನ ಕೈಗಿಟ್ಟು, "ಅವ್ರಿಗೇ ಫೋನ್ ಮಾಡ್ರಿ" ಎಂದಳು.

ಸ್ಪೀಕರಿನಲ್ಲಿ ಗಿರಿಜತ್ತೆಯ ದನಿ ಬಂತು. ಹುಡುಗಿಯ ಮದುವೆ, ಕೇಕು, ನೀನೇ ಬಂದು ಮಾಡಿಕೊಡಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿದಳು:

"ಬರ್ತೀನಿ ಕಣೆ. ಕೇಕಿಗೆ ಇನ್ನೂ ಶಾಸ್ತ್ರ ಬಂದಿಲ್ಲ ತಾನೇ?"

ಪಲ್ಲವಿಯ ಮುಖ ನೋಡಿದೆ. ಅವಳು ಜೋರಾಗಿ ತಲೆಯಾಡಿಸಿದಳು, ಇಲ್ಲ, ಇಲ್ಲ ಎಂದು.

"ಬಂದಿಲ್ಲ ಅತ್ತೆ" ಅಂದೆ. "ಬಾ. ಈ ಸಲ ಮೈಕು ನಾನು ಹಿಡೀತೀನಿ."